ಚಿಗವ್ವನ ಕೊರಳ ಬಿಲ್ಲೆ

ಚಿಗವ್ವನ ಎದೆಯ ಮೇಲೆ ರೂಪಾಯಿ ಅಗಲದ ಕರೀ ಕಲೆಯೊಂದಿತ್ತು. ಕೊರಳಿನ ಬೆಳ್ಳಿ ಬಿಲ್ಲೆ ಬೆವರಿಗೆ ಕಪ್ಪಾಗಿ ಮೂಡಿಸಿದ ಕಲೆ. ಬಿಲ್ಲೆಯ ಮೇಲೊಂದು ಹೆಣ್ಣಿನ ಮುಖ: ಎರಡು ಕಣ್ಣು, ಮೂಗು, ಹಣೆಗೆ ಕುಂಕುಮ. ಅದು ನಮ್ಮವ್ವ. ಅವ್ವ ಹೆರಿಗೆಯಲ್ಲಿ ತೀರಿಹೋದಳು, ಕೂಸೂ ಉಳಿಯಲಿಲ್ಲ. ವರ್ಷ ತುಂಬುವುದರೊಳಗೆ ಅಪ್ಪ ಮನೋಳಿಯಿಂದ ಹದಿನಾಲ್ಕರ ಹುಡುಗಿಯನ್ನು ತಂದ, ಆಕೆಯೇ ಚಿಗವ್ವ. ಸತ್ತವಳು ಕಾಡಬಾರದೆಂದು ಎರಡನೆಯವಳ ಕೊರಳಿಗೆ ಮೊದಲನೆಯವಳ ಮುಖ ಕಟ್ಟುವುದು ನಮ್ಮ ಮನೆತನದ ಪದ್ಧತಿ.

ಅಪ್ಪ ಕೆಟ್ಟವನಾಗಿರಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಅದಕ್ಕೇ. ಕೆಟ್ಟವನಾಗಿದ್ದರೆ ಬೈದಾದರೂ ಸುಮ್ಮನಾಗುತ್ತಿದ್ದೆ.

ಹೊಸ ಸೀರೆ ಬಂದರೆ ಚಿಗವ್ವ ಮೊದಲು ಬಿಲ್ಲೆಗೆ ಮುಟ್ಟಿಸಿ ಉಡುತ್ತಿದ್ದಳು. ರೊಟ್ಟಿಯ ಮೊದಲ ತುತ್ತೂ ಹಾಗೆಯೇ. ನನಗೂ ಆಕೆಗೂ ಅಂತರ ನಾಲ್ಕೇ ವರ್ಷ. ಮಧ್ಯಾಹ್ನ ಹಿತ್ತಲಲ್ಲಿ ಗಜಗ ಆಡುವಾಗ ರಾಜಾರೋಷವಾಗಿ ಮೋಸ ಮಾಡುವಳು. ನಾನು ಜಗಳ ತೆಗೆದರೆ ಬಿಲ್ಲೆ ಎತ್ತಿ, “ನೋಡಕ್ಕಾ, ನಿನ್ನ ಮಗಳು ಹೆಂಗ ಮಾತಾಡ್ತಾಳ,” ಎಂದು ಚಾಡಿ ಹೇಳುವಳು.

ನನಗೆ ಹನ್ನೊಂದಾದಾಗ ಕಟಕೋಳದವರು ನನ್ನನ್ನು ಕೇಳಲು ಬಂದರು. ವರನ ವಯಸ್ಸು ಮೂವತ್ತು, ಮೊದಲ ಹೆಂಡತಿ ಬಾಣಂತನದಲ್ಲಿ ಸತ್ತಿದ್ದಳು. ಅಪ್ಪ ಒಪ್ಪಿಬಿಟ್ಟಿದ್ದ. ಎಲೆ ಅಡಿಕೆ ಕೊಡುವ ಹೊತ್ತಿಗೆ ಐದು ತಿಂಗಳ ಬಸುರಿ ಚಿಗವ್ವ ಅಡಿಗೆಮನೆಯಿಂದ ಬಂದು, ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು.

“ಅಕ್ಕ ಕನಸಿನ್ಯಾಗ ಬಂದಿದ್ಲರಿ. ಹುಡುಗಿಗೆ ಹದಿನಾರು ತುಂಬೂತನಕ ಯಾರಿಗೂ ಕೊಡಬ್ಯಾಡ ಅಂದ್ಲು. ಕೊಟ್ರ, ಆ ಮನಿ ಹೊಸ್ತಿಲದಾಗ ಬಂದು ಕುಂದ್ರತೇನಿ ಅಂದ್ಲು.”

ಬದುಕಿದ್ದ ಹೆಂಗಸಿನ ಮಾತಿಗೆ ಕಿವಿಗೊಡದ ಹಿರಿಯರು ಸತ್ತವಳ ಮಾತಿಗೆ ಬೆವತುಹೋದರು. ಎಲೆ ಮುಟ್ಟದೆ ಬಂಡಿ ಹೂಡಿದರು.

ಅವರು ಹೋದ ಮೇಲೆ ನಾನು ಆಸೆಯಿಂದ ಕೇಳಿದೆ, “ಅವ್ವ ಹೆಂಗ ಕಾಣತಿದ್ಲು?”

ಚಿಗವ್ವ ನನ್ನ ತಲೆ ಬಾಚುತ್ತ ಹೇಳಿದಳು: “ಬಂದಿಲ್ಲವ್ವಾ, ಒಮ್ಮೆನೂ ಬಂದಿಲ್ಲ. ನಾನು ದಿನಾ ಕರೀತೇನಿ. ಹಡಿಯೂ ಮುಂದ ಏನ ಮಾಡಬೇಕಂತ ಕೇಳೂದೈತಿ. ನನಗ ಭಾಳ ಅಂಜಿಕಿ ಆಗೇತಿ.”

ಚೊಚ್ಚಲಿಗೆ ತವರಿಗೆ ಹೋಗಬೇಕಿತ್ತು. ಮನೋಳಿಯಲ್ಲಿ ಪ್ಲೇಗು ಬಿದ್ದು ಕಳಿಸಲಿಲ್ಲ. ಎರಡು ದಿನ ಬ್ಯಾನಿ ತಿಂದಳು. ಸೂಲಗಿತ್ತಿ ಹೊರಗೆ ಬಂದು, “ಇಕಿ ಎಲುಬು ಇನ್ನೂ ಬಲಿತಿಲ್ಲರಿ, ಕೂಸಿಗೆ ದಾರಿ ಇಲ್ಲ,” ಎಂದಳು. ಎಲ್ಲ ಮುಗಿದ ಮೇಲೆ ಬಿಲ್ಲೆ ಹಿಡಿದಿದ್ದ ಆ ಮುಷ್ಟಿಯನ್ನು ಹೆಂಗಸರು ಒಂದೊಂದೇ ಬೆರಳು ಎತ್ತಿ ಬಿಡಿಸಬೇಕಾಯಿತು.

ಅವ್ವನ ಮಾತು ಮೀರಲು ಅಪ್ಪನಿಗೆ ಧೈರ್ಯವಾಗಲಿಲ್ಲ. ನನ್ನ ಮದುವೆ ಹದಿನಾರು ತುಂಬಿದ ಮೇಲೆಯೇ ಆಯಿತು. ಮೂರು ಹೆತ್ತೆ, ಬದುಕಿದೆ.

ಅಷ್ಟರಲ್ಲಿ ಅಪ್ಪ ಮೂರನೆಯವಳನ್ನು ತಂದಿದ್ದ. ಆಕೆಯ ಕೊರಳಲ್ಲಿ ಎರಡು ಬಿಲ್ಲೆ. ಬೆಳ್ಳಿ ಕೆಲಸದ ಪತ್ತಾರನ ಬಳಿ ಇದ್ದದ್ದು ಒಂದೇ ಅಚ್ಚು, ಎರಡೂ ಮುಖ ಒಂದೇ ತರಹ. ಒಂದು ಹಬ್ಬಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗಿ, ಅಂಗೈಯಲ್ಲಿಟ್ಟುಕೊಂಡು ಆ ಹುಡುಗಿ ನನ್ನನ್ನು ಕೇಳಿದಳು:

“ಇದರಾಗ ನಿಮ್ಮವ್ವ ಯಾರು?”

“ಇಬ್ಬರೂ,” ಅಂದೆ.