ಸ್ಟ್ಯಾನಿ ಬಡಿಸಿದ ಸಣ್ಣ ತಟ್ಟೆಗಳು

ಮಸ್ಕತ್ತಿನ ವಾದಿ ಕಬೀರ್‌ನಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲಿರುವ ಸ್ಟ್ಯಾನಿ ಶಿರ್ವದವನು. ಹದಿನೇಳು ವರ್ಷ ಒಂದು ಕಂಪನಿಯ ಮೆಸ್ಸಿನಲ್ಲಿ ದಿನಕ್ಕೆ ನಾನೂರು ಜನರಿಗೆ ಅಡುಗೆ ಮಾಡಿದ. ಕಳೆದ ನವೆಂಬರಿನಲ್ಲಿ ಆ ಮೆಸ್ ಮುಚ್ಚಿತು. ಅವನ ವೀಸಾ ಮುಗಿಯಲು ಉಳಿದದ್ದು ಐದು ವಾರ.

ಆ ವೀಸಾದ ಮೇಲೆಯೇ ಹೆಂಡತಿ ಸೋಫಿಯಾ, ಮಗಳು ವನೆಸ್ಸಾ ಇಲ್ಲಿದ್ದಾರೆ. ವನೆಸ್ಸಾಳಿಗೆ ಫೆಬ್ರವರಿಯಲ್ಲಿ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆ. ಆ ಐದು ವಾರದೊಳಗೆ ಕೆಲಸ ಕೊಟ್ಟು ವೀಸಾ ಮಾಡಿಸುವ ಹೊಸ ಕಫೀಲ್ ಸಿಗದಿದ್ದರೆ ಮೂವರೂ ಊರಿಗೆ ಹೊರಡಬೇಕು. ಹುಡುಗಿಯ ಒಂದು ವರ್ಷ ಹೋಗುತ್ತದೆ. ಶುಕ್ರವಾರ ಬಲಿಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಸೋಫಿಯಾ ಇದನ್ನು ನನಗೆ ಹೇಳಿದಳು. ಆ ದಿನದಿಂದ ನನ್ನ ಸಂಜೆಯ ಜಪದಲ್ಲಿ ಅವರ ಹೆಸರೂ ಸೇರಿತು.

ಎರಡು ವಾರ ಕಳೆದ ಮೇಲೆ ಒಂದು ಸುದ್ದಿ ಬಂತು. ಸಮುದ್ರದ ಬದಿಯಲ್ಲಿ ಒಬ್ಬ ಒಮಾನಿ ಯಜಮಾನರು ಸ್ಪೇನ್ ದೇಶದ ತಿನಿಸುಗಳ ಹೋಟೆಲು ತೆರೆಯುತ್ತಿದ್ದಾರೆ, ಎರಡನೆಯ ಅಡುಗೆಯವನು ಬೇಕು. ಹತ್ತು ದಿನ ಬಿಟ್ಟು ಬಂದು ಅಡುಗೆ ಮಾಡಿ ತೋರಿಸಬೇಕು. ಸ್ಟ್ಯಾನಿ ಸ್ಪೇನಿನ ಅಡುಗೆಯನ್ನು ನಾಲಿಗೆಗೆ ಮುಟ್ಟಿಸಿದವನಲ್ಲ. ಒಮ್ಮೆಯಾದರೂ ತಿಂದು ನೋಡಬೇಕೆಂದು ಹುಡುಕಲು ಹೊರಟ.

ವನೆಸ್ಸಾ ಫೋನಿನಲ್ಲಿ ಹುಡುಕಿದಳು. ಬಂದದ್ದೆಲ್ಲ ಅಮೆರಿಕದ ಯಾವುದೋ ಪಟ್ಟಣದ ಪಟ್ಟಿ. ಈ ಬೀದಿಯಲ್ಲಿ ಇಂಥ ಟಪಾಸ್ ಹೋಟೆಲು, ಆ ಮೂಲೆಯಲ್ಲಿ ಇನ್ನೊಂದು, ಎಲ್ಲಕ್ಕೂ ನಕ್ಷತ್ರಗಳು.

"ಡ್ಯಾಡಿ, ಟಪಾಸ್ ಅಂದ್ರೆ ಸ್ಮಾಲ್ ಪ್ಲೇಟ್ಸ್. ಅಮೆರಿಕದಲ್ಲಿ ಲೈನಾಗಿ ಉಂಟು."

"ಅಲ್ಲಿಗೆ ಹೋಗಿ ತಿಂದು ಬರ್ಲಿಕ್ಕೆ ನಿನ್ನ ಡ್ಯಾಡಿಗೆ ರೆಕ್ಕೆ ಉಂಟಾ?" ಎಂದಳು ಸೋಫಿಯಾ.

ರೆಕ್ಕೆ ಇರಲಿಲ್ಲ, ಬಶೀರನ ಪಿಕಪ್ ಇತ್ತು. ಉಳ್ಳಾಲದ ಬಶೀರ್ ಗ್ಯಾರೇಜುಗಳಿಗೆ ಬಿಡಿಭಾಗ ಸಾಗಿಸುವವನು. ಮಸ್ಕತ್ತಿನ ಗಲ್ಲಿಗಲ್ಲಿ ಬಲ್ಲವನು. ಮೊದಲ ದಿನ 'ಸ್ಪ್ಯಾನಿಶ್' ಎಂದು ಬೋರ್ಡು ಕಂಡಲ್ಲೆಲ್ಲ ಗಾಡಿ ನಿಲ್ಲಿಸಿದ. ಎಲ್ಲ ಕಡೆಯೂ ಸಿಕ್ಕಿದ್ದು ಸ್ಪ್ಯಾನಿಶ್ ಲಾಟೆ ಎಂಬ ಕಾಫಿ. ಮೂರನೆಯ ಲೋಟ ಕುಡಿದ ಮೇಲೆ ಬಶೀರ್ ಕೈಮುಗಿದ. "ಇದು ಮಿಲ್ಕ್‌ಮೇಡ್ ಹಾಕಿದ ಕಾಫಿ ಮಾರಾಯ. ನನ್ನ ಉಮ್ಮ ಇದನ್ನು ಸ್ಪೇನ್ ನೋಡದೆಯೇ ಮಾಡ್ತಾರೆ."

ಮರುದಿನ ಸಹಮ್ ಕಡೆ ಸಾಮಾನು ಇಳಿಸಲು ಹೋದಾಗ ಯಾರೋ ಅಲ್ಲೊಂದು ಸ್ಪೇನಿನ ಅಂಗಡಿ ಇದೆ ಎಂದರು. ಇಬ್ಬರೂ ಹಸಿದುಕೊಂಡೇ ಹೋದರು. ಅದು ನೆಲಕ್ಕೆ ಹಾಸುವ ಟೈಲ್ಸ್ ಅಂಗಡಿ.

"ತಿನ್ನು, ನೆಂಚಿಕೊಳ್ಳಲಿಕ್ಕೆ ಸಿಮೆಂಟ್ ತರ್ತೇನೆ" ಎಂದ ಬಶೀರ್.

ಕೊನೆಗೆ ಒಂದು ದೊಡ್ಡ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಉಡುಪಿಯವನೊಬ್ಬ, ಅಲ್ಲಿ ಬುಧವಾರ ಸ್ಪೇನಿನ ತಿನಿಸು ಮಾಡುತ್ತಾರೆಂದು ತಿಳಿಸಿದ. ಸ್ಟ್ಯಾನಿ ಇಗರ್ಜಿಗೆ ಹೋಗುವ ಅಂಗಿ ಹಾಕಿಕೊಂಡು ಸೋಫಿಯಾಳನ್ನೂ ಕರೆದುಕೊಂಡು ಹೋದ. ಅಂಗೈಯಗಲದ ತಟ್ಟೆಗಳು ಬಂದವು. ಬೆಳ್ಳುಳ್ಳಿ ಮತ್ತು ಒಣಮೆಣಸು ಹಾಕಿ ಆಲಿವ್ ಎಣ್ಣೆಯಲ್ಲಿ ಹುರಿದ ಸಿಗಡಿ, ಆಲೂಗಡ್ಡೆಯ ದಪ್ಪ ಆಮ್ಲೆಟ್, ಪಾಲಕಿನಲ್ಲಿ ಬೆಂದ ಕಡಲೆ. ಒಂದೊಂದೂ ನಾಲ್ಕು ತುತ್ತು. ರುಚಿಯನ್ನು ಅವನು ಕೂಡಲೇ ಹಿಡಿದ. ಆದರೆ ತಿಂದಾದ ಮೇಲೂ ಏಳಲಿಲ್ಲ.

"ಊಟ ಯಾವಾಗ ತರ್ತಾರೆ?" ಎಂದು ಹೆಂಡತಿಯನ್ನು ಕೇಳಿದ.

"ಇದೇ ಊಟ. ಏಳಿ, ಎಲ್ಲರೂ ನೋಡ್ತಾರೆ."

ಅಡುಗೆ ಮಾಡಿ ತೋರಿಸುವ ದಿನ ಹೊಸ ಹೋಟೆಲಿನ ಒಂದು ಮೇಜಿನ ಸುತ್ತ ಯಜಮಾನರು ಮತ್ತು ಅವರ ಮನೆಯವರು ಆರು ಜನ ಕುಳಿತಿದ್ದರು. ಒಳಗೆ ಸ್ಪೇನಿನಿಂದ ಬಂದ ಮುಖ್ಯ ಅಡುಗೆಯವರು, ಐವತ್ತರ ಹೆಂಗಸು, ಕೈ ಕಟ್ಟಿಕೊಂಡು ನಿಂತಿದ್ದರು. ಸ್ಟ್ಯಾನಿ ಸಿಗಡಿ ಹುರಿದ. ಪರಿಮಳಕ್ಕೆ ಆಕೆ ತಲೆಯಾಡಿಸಿದರು. ತಟ್ಟೆಗೆ ಹಾಕುವಾಗ ಮಾತ್ರ ಅವನ ಕೈ ಅವನ ಮಾತು ಕೇಳಲಿಲ್ಲ. ಐದು ಸಿಗಡಿಯ ತಟ್ಟೆಗೆ ಹದಿನೈದು ಹಾಕಿದ. ಕಡಲೆ ಅಂಚು ದಾಟಿ ಹರಿಯಿತು. ಎರಡನೆಯ ತಿನಿಸಿಗೇ ಮಕ್ಕಳು ಕುರ್ಚಿಗೆ ಒರಗಿದರು. ಮೂರನೆಯದನ್ನು ಯಾರೂ ಮುಟ್ಟಲಿಲ್ಲ.

"ರುಚಿ ಚೆನ್ನಾಗಿದೆ. ಇದು ಟಪಾಸ್ ಅಲ್ಲ" ಎಂದರು ಆಕೆ. "ಒಂದೇ ತಟ್ಟೆಗೆ ಹೊಟ್ಟೆ ತುಂಬಿಸಿದರೆ ಮುಂದಿನದು ಯಾರಿಗೆ? ನಾಳೆ ಇನ್ನೊಮ್ಮೆ ಮಾಡು. ನಾಳೆ ಕೊನೆ."

ಮನೆಗೆ ಬಂದವನು ಚಪ್ಪಲಿ ಕಳಚದೆ ಕುಳಿತನಂತೆ. "ಐದು ಸಿಗಡಿ ಇಟ್ಟು ತಿನ್ನಿ ಅಂತ ಹೇಗೆ ಹೇಳುವುದು? ಬಂದವರ ಮುಖ ನೋಡ್ಲಿಕ್ಕೆ ನಾಚಿಕೆ ಆಗ್ತದೆ."

ಸೋಫಿಯಾ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ಊರಿನಲ್ಲಿ ಮದುವೆಗೆ ಬಡಿಸ್ಲಿಕ್ಕೆ ಹೋಗ್ತಿದ್ರಲ್ಲ ನೀವು, ಒಂದೇ ಸಲ ರಾಶಿ ಹಾಕ್ತಿದ್ರಾ?"

"ಛೆ, ಎರಡು ತುಂಡು. ಮುಗೀತಾ ಬಂದ ಹಾಗೆ ಮತ್ತೆ ಎರಡು."

"ಮತ್ತೆ?"

"ಮತ್ತೆ ಎರಡು. ಎಲೆಗೆ ಕೈ ಅಡ್ಡ ಹಿಡಿಯುವ ತನಕ."

"ಅಷ್ಟೇ ಅಲ್ವಾ ಆ ಮೇಡಂ ಕೇಳಿದ್ದು?"

ಸ್ಟ್ಯಾನಿ ಚಪ್ಪಲಿ ಕಳಚಿದ.

ಮರುದಿನ ಐದೇ ಸಿಗಡಿ ಹಾಕಿದ. ಆದರೆ ಒಲೆಯ ಬಳಿ ನಿಲ್ಲಲಿಲ್ಲ. ತಟ್ಟೆಯನ್ನು ತಾನೇ ಹಿಡಿದು ಹೋಗಿ ಇಟ್ಟು, ಅಡುಗೆಮನೆಯ ಬಾಗಿಲ ಪಕ್ಕ ನಿಂತು ತಿನ್ನುವವರ ಕೈಗಳನ್ನು ನೋಡಿದ. ಅಜ್ಜಿ ಎಣ್ಣೆಯಲ್ಲಿ ರೊಟ್ಟಿ ಅದ್ದುತ್ತಿದ್ದರು. ಅವರಿಗೆ ಇನ್ನೆರಡು ತುಂಡು ರೊಟ್ಟಿ ಹೋಯಿತು. ಚಿಕ್ಕ ಹುಡುಗಿ ಆಲೂಗಡ್ಡೆ ಬಿಟ್ಟು ಬೇರೆ ಮುಟ್ಟಲಿಲ್ಲ. ಅವಳ ಮುಂದೆ ಆಮ್ಲೆಟ್ಟಿನ ಸಣ್ಣ ಹೋಳು ಬಂತು. ಯಜಮಾನರ ಸಿಗಡಿ ಮುಗಿಯುತ್ತಲೇ ಇನ್ನೊಂದು ತಟ್ಟೆ. ಅದು ಮುಗಿಯುತ್ತಲೇ ಕಡಲೆ. ಅದೂ ಮುಗಿಯಿತು, ಮತ್ತೆ ಸಿಗಡಿ.

"ಇದನ್ನು ಯಾರು ಕೇಳಿದರು?" ಮುಖ್ಯ ಅಡುಗೆಯವರು ಹಿಂದೆಯೇ ಬಂದು ನಿಂತಿದ್ದರು.

"ಯಾರೂ ಕೇಳಲಿಲ್ಲ, ಮೇಡಂ. ತಟ್ಟೆ ಖಾಲಿ ಇತ್ತು."

ಆಕೆ ಏನೋ ಹೇಳುವಷ್ಟರಲ್ಲಿ ಯಜಮಾನರು ಖಾಲಿ ತಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಆಚೆ ಈಚೆ ಅಲ್ಲಾಡಿಸಿದರು. ಇಲ್ಲಿಯವರು ಕಾವಾ ಎಂಬ ಅರಬ್ಬಿ ಕಾಫಿ ಕುಡಿದು ಸಾಕಾದಾಗ ಪುಟ್ಟ ಬಟ್ಟಲನ್ನು ಹಾಗೆಯೇ ಅಲ್ಲಾಡಿಸುತ್ತಾರೆ. ಅಲ್ಲಿಯವರೆಗೆ ಸುರಿಯುವವರು ಸುರಿಯುತ್ತಲೇ ಇರುತ್ತಾರೆ. ಮನೆಯವರೆಲ್ಲ ಗೊಳ್ಳೆಂದು ನಕ್ಕರು.

"ಖಲಾಸ್, ಭಾಯಿ, ಖಲಾಸ್!" ಎಂದ ಯಜಮಾನರು ಹಿಂದಿಯಲ್ಲಿ ಮುಂದುವರಿಸಿದರು. "ನಿನ್ನೆ ಎರಡು ತಟ್ಟೆಗೆ ಸಾಕಾಯಿತು. ಇವತ್ತು ಎಷ್ಟು ತಿಂದೆನೋ ಗೊತ್ತೇ ಆಗಲಿಲ್ಲ."

ಮುಖ್ಯ ಅಡುಗೆಯವರು ನಗಲಿಲ್ಲ. ಮೇಜಿನ ಮೇಲಿನ ತಟ್ಟೆಗಳನ್ನು ಒಂದೊಂದಾಗಿ ನೋಡಿದರು. ಯಾವುದರಲ್ಲೂ ಏನೂ ಉಳಿದಿರಲಿಲ್ಲ. "ಇನ್ನು ಮೇಲೆ ಕೇಳಿಯೇ ಕೊಡಬೇಕು" ಎಂದರು. "ಆದರೆ ಈ ಬಾಗಿಲ ಹತ್ತಿರವೇ ನಿಲ್ಲು. ಯಾರಿಗೆ ಯಾವಾಗ ಏನು ಎಂದು ಒಳಗೆ ನೀನು ಹೇಳು. ಅದು ಕಲಿಸಿದರೆ ಬರುವುದಿಲ್ಲ. ಭಾನುವಾರ ಬಾ."

ಹೊರಗಿನ ಕೋಣೆಯಲ್ಲಿ ಗುಮಾಸ್ತ ಮೂವರ ಪಾಸ್‌ಪೋರ್ಟಿನ ಪ್ರತಿ ಕೇಳಿದ. ಮೊದಲ ಮೂರು ತಿಂಗಳು ನೋಡಿ ಆಮೇಲೆ ಖಾಯಂ. ವೀಸಾದ ಅರ್ಜಿ ಮಾತ್ರ ಇದೇ ವಾರ ಹೋಗುತ್ತದೆ ಎಂದ. ಸ್ಟ್ಯಾನಿ ಮೆಟ್ಟಿಲು ಹತ್ತುತ್ತಲೇ ನಮ್ಮ ಬಾಗಿಲು ಬಡಿದು, "ಅಕ್ಕ, ಆಯ್ತು" ಎಂದಷ್ಟೇ ಹೇಳಿ ಮೇಲೆ ಓಡಿದ. ನಾನೂ ಹಿಂದೆಯೇ ಹೋದೆ.

ಸೋಫಿಯಾ ಏಸುವಿನ ಪಟದ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ವನೆಸ್ಸಾ ಅಪ್ಪನ ಕುತ್ತಿಗೆಗೆ ಜೋತುಬಿದ್ದವಳು ಥಟ್ಟನೆ ತಲೆಯೆತ್ತಿದಳು.

"ವೇಟ್. ಅಂದ್ರೆ ನಾನು ಬೋರ್ಡ್ ಎಕ್ಸಾಮ್ ಬರೀಲೇಬೇಕಾ?"

"ಮತ್ತೆ? ಯಲ್ಲಾ, ಬೇಗ ಪುಸ್ತಕ ತೆಗಿ" ಎಂದಳು ಸೋಫಿಯಾ, ಇನ್ನೂ ಕಣ್ಣೊರೆಸಿಕೊಳ್ಳುತ್ತಲೇ.