ಕಾಲು ಕಾಣದ ಡ್ಯಾನ್ಸ್ ಗೇಮು

ಆಗೆಲ್ಲ ಭದ್ರಾವತಿಯ ನಮ್ಮ ಕ್ವಾರ್ಟರ್ಸ್‌ನಲ್ಲಿ ನವೆಂಬರ್ ಎಂದರೆ ರೆಕಾರ್ಡ್ ಡ್ಯಾನ್ಸು. ರಾಜ್ಯೋತ್ಸವಕ್ಕೆ ಮೈದಾನದಲ್ಲಿ ಹಲಗೆಯ ಸ್ಟೇಜು ಎದ್ದರೆ ಸಾಕು, ಕಾಗದದ ಕಾರ್ಖಾನೆಯಿಂದ ಬರುತ್ತಿದ್ದ ಹಳಸಿದ ಗಂಜಿಯಂಥ ವಾಸನೆಯೂ ನಮಗೆ ಹಬ್ಬದ ವಾಸನೆಯೇ ಆಗಿಬಿಡುತ್ತಿತ್ತು. ಆ ಸ್ಟೇಜಿನ ರಾಣಿ ನಮ್ಮಕ್ಕ ಶೈಲಾ, ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ಜೀವವೆಲ್ಲ ಕಾಲಲ್ಲಿತ್ತು. ನಾನೋ, ಎರಡು ಹೆಜ್ಜೆ ಹಾಕಿದರೆ ಅಮ್ಮನೇ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಆ ವರ್ಷ ಅಕ್ಕ ಹತ್ತನೇ ಕ್ಲಾಸು. ಮೊದಲ ಸಲ ಅವಳೊಬ್ಬಳದೇ ಡ್ಯಾನ್ಸ್ ಇತ್ತು. "ಈ ಸಲ ಸ್ಟೇಜ್ ಮೇಲೆ ಚೆನ್ನಾಗಿ ಮಾಡು. ಪರೀಕ್ಷೆ ಮುಗಿದ್ಮೇಲೆ ಶಿವಮೊಗ್ಗದಲ್ಲಿ ಒಳ್ಳೆ ಡ್ಯಾನ್ಸ್ ಕ್ಲಾಸಿಗೆ ಸೇರಿಸ್ತೀನಿ" ಎಂದು ಅಪ್ಪ ಮಾತು ಕೊಟ್ಟಿದ್ದರು. ಅಕ್ಕ ಅದೊಂದೇ ಮಾತು ಹಿಡಿದುಕೊಂಡು ಓಡಾಡುತ್ತಿದ್ದಳು.

ಅಪ್ಪನ ಕೆಲಸ ಕಾರ್ಖಾನೆಯಲ್ಲಿ ಕಾಗದದ ದಪ್ಪ ಅಳೆಯುವುದು. ಹಾಗಾಗಿ ನಮ್ಮ ಮನೆಯಲ್ಲಿ ಮೆಷಿನ್ನಿಗೆ ಎದುರುಮಾತಿರಲಿಲ್ಲ. ಮೈ ಕೆಂಡವಾಗಿದ್ದರೂ ಥರ್ಮಾಮೀಟರ್ ಒಪ್ಪದೆ ಶಾಲೆಗೆ ರಜೆ ಇಲ್ಲ. "ಮನುಷ್ಯರಿಗೆ ಮುಲಾಜಿರತ್ತೆ, ಮೀಟ್ರಿಗೆ ಇರಲ್ಲ" ಎನ್ನುತ್ತಿದ್ದರು. ನಾವಿಬ್ಬರೂ ಅದನ್ನು ನಂಬಿಯೇ ಬೆಳೆದೆವು.

ದಸರಾ ರಜೆಗೆ ಶಿವಮೊಗ್ಗದ ಆಲ್ಕೊಳದಲ್ಲಿದ್ದ ದೊಡ್ಡಮ್ಮನ ಮನೆಗೆ ಹೋದೆವು. ದೊಡ್ಡಪ್ಪ ಮಸ್ಕತ್‌ನಿಂದ ಬರುವಾಗ ಮಗ ಕಾರ್ತಿಕನಿಗೆ ಒಂದು ಡ್ಯಾನ್ಸ್ ಗೇಮ್ ತಂದಿದ್ದರು. ಟೀವಿಗೆ ಸಿಕ್ಕಿಸುವ ಬಿಳಿ ಡಬ್ಬಿ, ಬಲಗೈಯಲ್ಲಿ ಹಿಡಿಯುವ ರಿಮೋಟು. ಟೀವಿಯಲ್ಲಿ ಒಬ್ಬಳು ಕುಣಿಯುತ್ತಾಳೆ, ಅವಳ ಹಾಗೇ ನಾವೂ ಕುಣಿಯಬೇಕು, ಟೀವಿಯೇ ಮಾರ್ಕ್ಸ್ ಕೊಡುತ್ತದೆ. ಮಂಡಕ್ಕಿ ಒಗ್ಗರಣೆಯ ತಟ್ಟೆ ಬದಿಗಿಟ್ಟು ಬಾಯಿ ಬಿಟ್ಟುಕೊಂಡು ನೋಡಿದೆವು.

ಅದರ ಒಳ್ಳೆಯ ಗುಣವನ್ನು ಮೊದಲು ಹೇಳಿಬಿಡುತ್ತೇನೆ. ಅದು ನಗುತ್ತಿರಲಿಲ್ಲ. ನನ್ನಂಥ ಕೊರಡನ್ನೂ ಕರೆದು ಕುಣಿಸುತ್ತಿತ್ತು. ಬಾಗಿಲು ಹಾಕಿಕೊಂಡು ಬೆವರಿಳಿಯುವವರೆಗೆ ಕುಣಿದೆ. ನಾಚಿಕೆ ಬಿಟ್ಟು ಹಾಗೆ ಕುಣಿದದ್ದು ಅದೇ ಮೊದಲು. ಕೆಟ್ಟ ಗುಣ ತಿಳಿದದ್ದು ಎರಡನೇ ದಿನ, ಅಕ್ಕ ಅಲ್ಲಿಲ್ಲದಾಗ. ಕಾರ್ತಿಕ ಸೋಫಾದಲ್ಲಿ ಒರಗಿ, ಮಂಡಕ್ಕಿ ಮುಕ್ಕುತ್ತಲೇ ಬಲಗೈಯನ್ನಷ್ಟೇ ಬೀಸಿ ನನಗಿಂತ ಹೆಚ್ಚು ಮಾರ್ಕ್ಸ್ ತೆಗೆದ.

"ಇದಕ್ಕೆ ರಿಮೋಟ್ ಹಿಡಿದ ಕೈ ಒಂದೇ ಗೊತ್ತಾಗೋದು ಕಣೇ. ಕಾಲು ಏನ್ ಮಾಡಿದ್ರೂ ಕಾಣಲ್ಲ. ಅಕ್ಕಂಗೆ ಹೇಳ್ಬೇಡ, ಮಜಾ ನೋಡಣ" ಎಂದ.

ಅಕ್ಕ ಬಂದು ಕುಣಿದಳು. ಟೀವಿಯವಳಿಗಿಂತ ಚೆನ್ನಾಗಿ ಕುಣಿದಳು. ದೊಡ್ಡಮ್ಮ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ನಿಂತರು. ಆದರೆ ಅಕ್ಕ ಕೈಯನ್ನು ತನ್ನದೇ ಒನಪಿನಲ್ಲಿ, ಒಂದು ಚೂರು ತಡೆದು ಬೀಸುತ್ತಿದ್ದಳು. ಟೀವಿ ತಪ್ಪು, ತಪ್ಪು ಎಂದೇ ತೋರಿಸಿತು. ಆಮೇಲೆ ನಾನು ಕಾಲನ್ನು ಹೇಗೋ ಕುಣಿಸುತ್ತ, ಬಲಗೈಯನ್ನಷ್ಟೇ ಸರಿಯಾಗಿ ಬೀಸಿ ಗೆದ್ದೆ. ಡ್ಯಾನ್ಸಿನಲ್ಲಿ, ನಾನು, ಅಕ್ಕನನ್ನು ಗೆದ್ದೆ. ಎಷ್ಟು ಖುಷಿಯಾಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ರಜೆಯೆಲ್ಲ ಹಾಗೇ ನಡೆಯಿತು. ಅಕ್ಕ ಮೊದಲು ನಕ್ಕಳು, ಆಮೇಲೆ ಹಟ ಹಿಡಿದು ಬೆಳಗ್ಗೆಯಿಂದ ಅಭ್ಯಾಸ ಮಾಡಿದಳು, ಕೊನೆಗೆ ರಿಮೋಟ್ ಮುಟ್ಟುವುದನ್ನೇ ಬಿಟ್ಟಳು. ಭದ್ರಾವತಿಗೆ ವಾಪಸು ಬರುವ ಬಸ್ಸಿನಲ್ಲಿ ಮೆಲ್ಲಗೆ ಕೇಳಿದಳು.

"ನಂಗೆ ತಾಳಾನೇ ಗೊತ್ತಿಲ್ವೇನೆ? ಇಷ್ಟು ದಿನ ಎಲ್ರೂ ಅಪ್ಪನ ಮುಖ ನೋಡಿ ಚಪ್ಪಾಳೆ ಹೊಡೀತಿದ್ರಾ?"

ನಾನು ಕಿಟಕಿಯಾಚೆ ನೋಡಿದೆ.

"ಮೆಷಿನ್ ಯಾಕೆ ಸುಳ್ಳು ಹೇಳತ್ತೆ" ಎಂದು ಉತ್ತರವನ್ನೂ ಅವಳೇ ಹೇಳಿಕೊಂಡಳು.

ಒಂದು ಮಾತು ಸಾಕಿತ್ತು. ಆಡಿದರೆ ನನ್ನ ಗೆಲುವು ಹೋಗುತ್ತಿತ್ತು. ಆಡಲಿಲ್ಲ.

ರಾಜ್ಯೋತ್ಸವದ ಸಂಜೆ ಮೈಕಿನಲ್ಲಿ ಅವಳ ಹೆಸರು ಕೂಗಿದರು. ಹಾಡು ಶುರುವಾಯಿತು. ಅಕ್ಕ ಎಣಿಸಿಕೊಂಡು ಹೆಜ್ಜೆ ಹಾಕುತ್ತಿದ್ದಳು, ಪ್ರತಿ ಹೆಜ್ಜೆಯೂ ಸರಿಯೋ ತಪ್ಪೋ ಎಂದು ಬಗ್ಗಿ ತನ್ನ ಕಾಲನ್ನೇ ನೋಡಿಕೊಳ್ಳುತ್ತಿದ್ದಳು. ಅರ್ಧ ಹಾಡಿಗೆ ನಿಂತುಬಿಟ್ಟಳು. ಮೆಟ್ಟಿಲಿಳಿದು ಮನೆಯ ಕಡೆ ನಡೆದಳು. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡು, ಓದ್ಕೋ" ಎಂದರು. ಡ್ಯಾನ್ಸ್ ಕ್ಲಾಸಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಈಗ ಕಾರ್ಖಾನೆ ಮುಚ್ಚಿದೆ, ಕ್ವಾರ್ಟರ್ಸ್ ಮನೆಗಳಿಗೆ ಕಿಟಕಿ ಬಾಗಿಲಿಲ್ಲ, ಮೈದಾನದಲ್ಲಿ ಮುಳ್ಳುಪೊದೆ ಬೆಳೆದಿದೆ. ಅದಕ್ಕೆಲ್ಲ ಹೊಣೆ ಯಾರೋ. ಅಕ್ಕನ ಡ್ಯಾನ್ಸ್ ನಿಂತದ್ದಕ್ಕೆ ನಾನು.

ಅಕ್ಕ ಭದ್ರಾವತಿಯಲ್ಲೇ ಓಲ್ಡ್ ಟೌನಿನಲ್ಲಿದ್ದಾಳೆ, ಇಬ್ಬರು ಮಕ್ಕಳು. ಮದುವೆ ಮನೆಯಲ್ಲಿ ಹಾಡು ಹಾಕಿ ಎಲ್ಲರೂ ಕುಣಿಯಲು ಎದ್ದರೆ, ಅವಳು ಎಲೆ ಹಾಕುವ ಕಡೆ ಹೋಗಿಬಿಡುತ್ತಾಳೆ. ಹೋದ ವರ್ಷ ಅವಳ ಮನೆಯಲ್ಲಿ ಇಬ್ಬರೂ ಬಟ್ಟೆ ಮಡಚುತ್ತ ಕೂತಿದ್ದಾಗ ಎಲ್ಲ ಹೇಳಿದೆ. ಆ ಗೇಮಿಗೆ ಕೈಯೊಂದೇ ತಿಳಿಯುತ್ತಿದ್ದದ್ದು, ಕಾರ್ತಿಕ ಕೂತಲ್ಲೇ ಗೆದ್ದದ್ದು, ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡಿದ್ದದ್ದು.

ಅಕ್ಕ ಮಡಚುವುದನ್ನು ನಿಲ್ಲಿಸಲಿಲ್ಲ. "ಇಷ್ಟು ವರ್ಷ ಆದ್ಮೇಲೂ ನಂಗೆ ಸಮಾಧಾನ ಮಾಡಕ್ಕೆ ಕತೆ ಕಟ್ತೀಯಲ್ಲ ಮಾರಾಯ್ತಿ" ಎಂದು ನಕ್ಕಳು. "ನಂಗೆ ಡ್ಯಾನ್ಸ್ ಬರ್ತಿರ್ಲಿಲ್ಲ, ಅಷ್ಟೇ. ಅವತ್ತು ಸ್ಟೇಜ್ ಮೇಲೆ ನೀನೇ ನೋಡಿದ್ಯಲ್ಲ."

ಅಮ್ಮನಾಣೆ ಎಂದೆ. ಅವಳು ಕಾಫಿಗೆ ಹಾಲಿಡಲು ಎದ್ದುಹೋದಳು.