ಬಾಣಂತಿ ಕೋಣೆಯ ಕೆಳಗೆ

ಸಾರಕ್ಕಿ ಕೆರೆ ಏರಿಯ ಕೆಳಗಿನ ಗದ್ದೆ ಬೇಕೋ, ಮೇಲಿನ ದಿಣ್ಣೆಯ ಹೊಲ ಬೇಕೋ ಎಂದು ಭಾಗ ಮಾಡುವಾಗ ನಮ್ಮ ಮಾವ ಕೇಳಿದ್ದರು. ಮೊದಲು ಆರಿಸಿಕೊಳ್ಳುವ ಹಕ್ಕು ಹಿರಿಮಗನದು. ನಮ್ಮ ಯಜಮಾನರು ಮೀಸೆ ತಿರುವಿಕೊಂಡು ಗದ್ದೆ ತಗೊಂಡರು. ಕೆರೆ ನೀರು ಉಣ್ಣುವ ಮಣ್ಣು, ವರ್ಷಕ್ಕೆ ಎರಡು ಬೆಳೆ ಭತ್ತ. ಹುರುಳಿ ಬಿಟ್ಟರೆ ಬೇರೇನೂ ಹುಟ್ಟದ ಕಲ್ಲು ದಿಣ್ಣೆ ಮೈದುನನ ಪಾಲಿಗೆ ಬಂತು. ಪಾಪ ಅಂತ ಊರೆಲ್ಲ ಮರುಗಿತು. ಆಮೇಲೆ ನಗರ ಬಂತು ನೋಡಿ, ಅದಕ್ಕೆ ಭತ್ತ ಬೇಡ, ಒಣ ನೆಲ ಬೇಕು. ದಿಣ್ಣೆಯ ಮೇಲೆ ಈಗ ಮೈದುನನ ಅಂಗಡಿ ಸಾಲು. ಗದ್ದೆಯಲ್ಲಿ ನಮ್ಮ ಬಾಡಿಗೆ ಮನೆಗಳು. ಮೊದಲನೇ ಮಹಡಿಯಲ್ಲಿ ನಾವೇ ಇದ್ದೇವೆ. ಕೆಳಗಿನ ಮನೆಗೆ ಬಂದವರು ಬೇಸಿಗೆಯಲ್ಲೂ ಗೋಡೆ ಒದ್ದೆ ಎಂದು ಬಿಟ್ಟು ಹೋಗುತ್ತಾರೆ. ನೆಲ ತಗ್ಗಿದ್ದರೆ ಹಣೆಬರಹವೂ ತಗ್ಗೇ.

ಹೋದ ವರ್ಷ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಸಿಸೇರಿಯನ್ ಆಯಿತು. ಹೊಲಿಗೆ ಹಾಕಿಸಿಕೊಂಡವಳನ್ನು ಮೆಟ್ಟಿಲು ಹತ್ತಿಸುವುದು ಬೇಡವೆಂದು ಖಾಲಿ ಇದ್ದ ಕೆಳಗಿನ ಮನೆಯಲ್ಲೇ ಏರ್ಪಾಡು ಮಾಡಿದೆ. ನನ್ನ ಕೈಯಲ್ಲಿ ಬಾಣಂತನ ಅಂದರೆ ಬಾಣಂತನ. ಕಿಟಕಿ ಮುಚ್ಚಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫ್ ಬಿಗಿದು, ದಿನಾ ಸಾಂಬ್ರಾಣಿ ಹೊಗೆ ಹಾಕಬೇಕು. ಡಾಕ್ಟರು ಏನೇ ಹೇಳಲಿ, ನಾನು ಕೇಳುವವಳಲ್ಲ.

ಕೆಲವು ದಿನ ಕಳೆದ ಮೇಲೆ ಅವಳು ಮಲಗಿದ್ದಲ್ಲಿಂದಲೇ ಮೆಲ್ಲಗೆ ಹೇಳಿದಳು.

"ಅಮ್ಮ, ಹತ್ತಿ ಇಟ್ರೂ ಕೇಳ್ಸುತ್ತೆ. ಕೆಳಗೆ ಏನೋ ಹರೀತಿದೆ."

ಬಾಣಂತಿಗೆ ಶೀತ ತಗುಲಿ, ತಲೆ ಕೆಟ್ಟು, ಇಲ್ಲದ್ದೆಲ್ಲ ಕೇಳಿಸುವುದಕ್ಕೆ ನಮ್ಮಲ್ಲಿ ಸನ್ನಿ ಅನ್ನುತ್ತಾರೆ. ನನ್ನ ಚಿಕ್ಕಮ್ಮ ಅದರಲ್ಲೇ ಹೋದಳು. ಮಗಳೂ ಕೈಬಿಟ್ಟು ಹೋಗುತ್ತಾಳೇನೋ ಎಂದು ಹೆದರಿ ಇನ್ನಷ್ಟು ಹತ್ತಿ ತುರುಕಿದೆ, ಕಿಟಕಿಯ ಸಂದಿಗೂ ಬಟ್ಟೆ ಗಿಡಿದೆ. ಅವಳು ದಿನವೂ ಅದನ್ನೇ ಹೇಳಿದಳು. ಮಗುವೂ ಅಳುವುದನ್ನು ಬಿಟ್ಟು, ಕಣ್ಣು ತೆರೆದುಕೊಂಡು, ಯಾರದೋ ಮಾತು ಕೇಳುವ ಹಾಗೆ ಸುಮ್ಮನೆ ಮಲಗಿರುತ್ತಿತ್ತು.

ಒಂದು ಮಧ್ಯಾಹ್ನ, ಹೊರಗೆ ಸುಡುಬಿಸಿಲು. ಸಾಂಬ್ರಾಣಿ ಹಾಕಿದೆ. ಬಚ್ಚಲ ಹತ್ತಿರ ಹೊಗೆ ನಡುಗಿ ನಡುಗಿ ಹಿಂದಕ್ಕೆ ಬರುತ್ತಿತ್ತು. ನೀರು ಹೋಗುವ ತೂತಿನಿಂದ ಯಾರೋ ಉಸಿರು ಬಿಡುತ್ತಿದ್ದ ಹಾಗಿತ್ತು. ಥೂ, ನನಗೂ ಹಿಡಿಯಿತೇ ಎಂದು ಬೈದುಕೊಂಡೆ. ಎಲ್ಲ ಬರೀ ಭ್ರಮೆ ಎಂದು ಅವಳಿಗೆ ತೋರಿಸಲು ನಾನೇ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಅವಳ ಹಾಸಿಗೆ ಪಕ್ಕ ಬರಿನೆಲದ ಮೇಲೆ ಮಲಗಿದೆ. ಬೀದಿಯ ಸದ್ದೆಲ್ಲ ಅಡಗಿತು. ಆಗ ನನ್ನ ಮೂಳೆಗೇ ಕೇಳಿಸಿತು. ಬಹಳ ನೀರು, ಯಾವ ಆತುರವೂ ಇಲ್ಲದೆ ಬರುತ್ತಿತ್ತು.

ಮಗುವನ್ನು ಎದೆಗೆ ಅವಚಿಕೊಂಡೆ. ಹೊಲಿಗೆ ಬಿಟ್ಟರೆ ಬಿಡಲಿ ಎಂದು ಮಗಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಇಬ್ಬರನ್ನೂ ಮೇಲೆ ಮಲಗಿಸಿ ಇಳಿದು ಬರುವಷ್ಟರಲ್ಲಿ ಟೈಲ್ಸ್ ಸಂದಿಗಳಲ್ಲಿ ಕಪ್ಪು ನೀರು ಉಕ್ಕುತ್ತಿತ್ತು. ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಬನಶಂಕರಿ ಕಡೆಯ ಎತ್ತರದಲ್ಲಿ ಹೊಯ್ದ ಮಳೆ, ನಮ್ಮ ಮನೆಗಳಡಿ ಹೂತುಹೋದ ಹಳೇ ಗದ್ದೆ ಕಾಲುವೆ ಹಿಡಿದು ಇಳಿದಿತ್ತೆಂದು ಆಮೇಲೆ ತಿಳಿಯಿತು. ನೋಡನೋಡುತ್ತಲೇ ಮಗುವಿನ ಹಾಸಿಗೆ ನೆನೆದು ಮುಳುಗಿತು.

ನನ್ನ ಕೂಗು ಕೇಳಿ ಯಜಮಾನರು ಬಂದರು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು. ಪಂಚೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದು, ಒಂದು ಬೊಗಸೆ ಎತ್ತಿ ಮೂಸಿ ನೋಡಿದರು. ಮಗು ಇಲ್ಲೇ ಮಲಗಿತ್ತು, ಇಲ್ಲೇ ಎಂದು ನಾನು ಹೇಳುತ್ತಲೇ ಇದ್ದೆ. ಅವರಿಗೆ ಕೇಳಿಸಲಿಲ್ಲ. ಇಷ್ಟು ವರ್ಷ ಬಾಳಿದರೂ ನಾನು ಕಾಣದ ನಗು ಅವರ ಮುಖದ ತುಂಬ.

"ಬಂತು ಕಣೇ," ಅಂದರು. "ಈ ಸಲ ನಾಟಿ ಹಾಕ್ಬೋದು."

ಕಟ್ಟಿಕೊಂಡ ಗಂಡನನ್ನು ಕಂಡು ನನಗೆ ಭಯವಾಯಿತು. ಮೇಲಕ್ಕೆ ಓಡಿ, ಮಗಳು ಮಗು ಇದ್ದ ಕೋಣೆ ಸೇರಿ, ಒಳಗಿನಿಂದ ಚಿಲಕ ಹಾಕಿಕೊಂಡೆ.